ಅಪ್ಪನ ಗುಂಡಿ, ಎರಡು ಲೋಡರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಮೂಗಿನ ತುದಿಯಲ್ಲಿ ಇರುವುದು ಜಲ್ಲಿಯ ಧೂಳು, ಬೇಕಾದರೆ ಬಂದು ಒರೆಸಿ ನೋಡಲಿ. ಹದಿನೆಂಟು ವರ್ಷದಿಂದ ಮಣ್ಣು, ಮರಳು, ಜಲ್ಲಿ, ಗೊಬ್ಬರ, ಮರದ ಚಕ್ಕೆ ಎತ್ತಿ ಎತ್ತಿ ಲಾರಿಗೆ ಸುರಿಯುತ್ತಿರುವವಳ ಹತ್ತಿರ ನಯವಾದ ಮಾತು ಎಲ್ಲಿಂದ ಬರಬೇಕು? ಲೋಡರು ಯಂತ್ರದ ಸದ್ದಿನ ಮೇಲೆ ಮಾತಾಡಿ ನನ್ನ ಪಿಸುಮಾತೂ ಬೀದಿಯ ಆ ತುದಿಗೆ ಕೇಳಿಸುತ್ತದೆ.

ನಮ್ಮದು ಮಣ್ಣು ಜಲ್ಲಿಯ ಯಾರ್ಡು. ಮೂರು ಕಡೆ ಕಾಂಕ್ರೀಟು ಗೋಡೆ ಇರುವ ಆರು ಅಂಕಣಗಳು, ಒಂದೊಂದರಲ್ಲಿ ಒಂದೊಂದು ಸರಕಿನ ರಾಶಿ. ತಗಡಿನ ಮಾಡಿನ ಕೆಳಗೆ ಅಮ್ಮನ ಜರಡಿ. ಗೇಟಿನ ಪಕ್ಕ ಒಂದು ಕೋಣೆಯ ಆಫೀಸು, ಅದರ ಬಾಗಿಲಲ್ಲಿ ಅಪ್ಪನ ಕುರ್ಚಿ. ಅಂಕಣಗಳ ಎದುರಿಗೆ ನಟ್ಟನಡುವೆ ಅಪ್ಪನ ಗುಂಡಿ.

ಗುಂಡಿ ಎಂದರೆ ಬರೀ ಗುಂಡಿಯಲ್ಲ. ಒಂದು ಲಾರಿಯುದ್ದ, ಸೊಂಟದ ಹತ್ತಿರ ಬರುವಷ್ಟು ಆಳ, ಎರಡು ತುದಿಗೂ ಇಳಿಜಾರು, ಪಕ್ಕಕ್ಕೆ ಕಲ್ಲಿನ ಕಟ್ಟೆ. ಅಂಚಿಗೆ ದಪ್ಪ ಮರದ ದಿಮ್ಮಿ, ಲೋಡರಿನ ಚಕ್ರ ಅದಕ್ಕೆ ತಾಗಿ ನಿಲ್ಲಲೆಂದು. ತಳದಲ್ಲಿ ಒಂದು ಬಿಳಿ ಗೆರೆ. ಲಾರಿ ಗುಂಡಿಗೆ ಇಳಿದು ಮುಂದಿನ ಚಕ್ರವನ್ನು ಆ ಗೆರೆಗೆ ತಂದು ನಿಲ್ಲಿಸಬೇಕು. ಆಗ ಲಾರಿಯ ಪಕ್ಕದ ಹಲಗೆ, ಗುಂಡಿಯ ಅಂಚಿನಲ್ಲಿ ನಿಂತ ಲೋಡರಿಗೆ ಸರಿಯಾಗಿ ಎದೆಮಟ್ಟಕ್ಕೆ ಬರುತ್ತದೆ.

ಇಪ್ಪತ್ತೆರಡು ವರ್ಷದಿಂದ ನಮ್ಮ ಯಾರ್ಡಿನ ಬೆಳಗು ಆಗುವುದೇ ಹೀಗೆ. ಗೇಟಿನಲ್ಲಿ ಉದ್ದಣ್ಣನ ಲಾರಿ ನಿಲ್ಲುತ್ತದೆ. ನಿಂತರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಸಾಮಿ, ಅದಕ್ಕೇ ಆ ಹೆಸರು. ಅವನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗುತ್ತಾನೆ, "ಯಜಮಾನ್ರೇ, ಎಲ್ಲಿ ನಿಲ್ಲಿಸ್ಲಿ?"

ಅಪ್ಪ ಕುರ್ಚಿಯಿಂದಲೇ ಕೂಗುತ್ತಾನೆ, "ಗೆರೆಗೆ ತಾರೋ!"

ಎಲ್ಲಿ ನಿಲ್ಲಿಸಬೇಕೆಂದು ಉದ್ದಣ್ಣನಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಕೇಳುತ್ತಾನೆ. ಕೇಳದಿದ್ದರೆ ಅಪ್ಪನಿಗೆ ಆ ದಿನ ಚಹಾ ರುಚಿಸುವುದಿಲ್ಲ.

ಹೊಸಬರು ಬಂದರೆ ಅಪ್ಪ ಮೊದಲು ತೋರಿಸುವುದು ಗುಂಡಿಯನ್ನು. "ಯಾರಿಗೂ ಹೊಳೀಲಿಲ್ಲ ನೋಡಿ ಇದು. ಎಲ್ರೂ ಯಂತ್ರಾನ ಎತ್ತರ ಮಾಡೋಕೆ ಹೋದ್ರು. ನಾನು ಲಾರೀನೇ ಇಳಿಸ್ಬಿಟ್ಟೆ!" ಊರಾಚೆಯ ಇನ್ನೊಂದು ಯಾರ್ಡಿನವರು ಇದನ್ನು ನೋಡಿಕೊಂಡು ಹೋಗಿ ತಾವೂ ಒಂದು ತೋಡಿಕೊಂಡರು. ಅವರ ಗುಂಡಿಯಲ್ಲಿ ಈಗ ಬಾತುಕೋಳಿಗಳಿವೆ. ಮಳೆ ಬಂದರೆ ನಮ್ಮದರಲ್ಲೂ ನೀರು ತುಂಬುತ್ತದೆ, ಅರ್ಧ ಗಂಟೆ ಪಂಪು ಓಡಿಸಬೇಕು. ನಾನು ಬೈದುಕೊಂಡೇ ಓಡಿಸುತ್ತೇನೆ. ಆದರೆ ಗುಂಡಿಯನ್ನು ಬೈದದ್ದಿಲ್ಲ, ಮಳೆಯನ್ನು ಬೈದಿದ್ದೇನೆ. ಗುಂಡಿ ನನಗೆ ಅಪ್ಪನಷ್ಟೇ ಹಳೆಯದು, ಅಪ್ಪನಷ್ಟೇ ಸರಿ.

ನಿಂತಲ್ಲೇ ತಿರುಗುವ ನಮ್ಮ ಹಳೆಯ ಸ್ಕಿಡ್ ಸ್ಟಿಯರ್ ಲೋಡರಿಗೆ ಲಾರಿಯವರು ಇಟ್ಟ ಹೆಸರು ಅತ್ತೆ. ದಿನವಿಡೀ ಗೊಣಗುತ್ತಾಳೆ, ಕೆಲಸ ಮಾತ್ರ ಬಿಡುವುದಿಲ್ಲ ಎಂದು. ಹದಿನಾರನೇ ವಯಸ್ಸಿಗೆ ನಾನು ಅವಳ ಸೀಟು ಹತ್ತಿದೆ. ಎರಡು ಲಿವರು, ಎರಡು ಪೆಡಲು, ಎದುರಿಗೆ ಬಕೆಟ್ಟು. ಅವಳ ತೋಳುಗಳು ಹಿಂದೆ ಒಂದೇ ಕೀಲಿಗೆ ಸಿಕ್ಕಿಸಿದ್ದು, ಹಾಗಾಗಿ ಬಕೆಟ್ಟು ಕಮಾನಿನಂತೆ ಬಾಗಿ ಏಳುತ್ತದೆ. ಅರ್ಧ ಎತ್ತರಕ್ಕೆ ಬಂದಾಗ ಮುಂದಕ್ಕೆ ಚಾಚಿಕೊಳ್ಳುತ್ತದೆ, ಇನ್ನೂ ಮೇಲೆ ಹೋದರೆ ಹಿಂದಕ್ಕೆ ನಮ್ಮ ತಲೆಯ ಕಡೆಗೇ ಬರುತ್ತದೆ. ಕಂಪನಿಯವರು ಇದಕ್ಕೆ ರೇಡಿಯಲ್ ಲಿಫ್ಟ್ ಅನ್ನುತ್ತಾರೆ. ನನ್ನ ಭುಜಕ್ಕೆ ಆ ಕಮಾನು ಎಷ್ಟು ಅಭ್ಯಾಸವಾಗಿದೆಯೆಂದರೆ, ಮನೆಯಲ್ಲಿ ಅಟ್ಟದ ಮೇಲೆ ಪಾತ್ರೆ ಇಡುವಾಗಲೂ ಕೈ ಬಾಗಿಯೇ ಏಳುತ್ತದೆ.

ಕಳೆದ ತಿಂಗಳು ಅತ್ತೆಯ ಎಂಜಿನ್ನು ನಿಂತೇಹೋಯಿತು. ಮೆಕ್ಯಾನಿಕ್ಕು ಅರ್ಧ ದಿನ ಅದರ ಹೊಟ್ಟೆಯೊಳಗೆ ತಲೆ ಹಾಕಿ, ಹೊರಗೆ ಬಂದು ಕೈ ಒರೆಸಿಕೊಂಡ. ಅವನು ಕೈ ಒರೆಸಿಕೊಂಡ ರೀತಿಯಲ್ಲೇ ನಮಗೆಲ್ಲ ತಿಳಿಯಿತು.

ಆ ಸಂಜೆ ಅಪ್ಪ ನನ್ನನ್ನು ಆಫೀಸಿಗೆ ಕರೆದ. "ನೋಡು, ಇನ್ನು ಇಪ್ಪತ್ತು ವರ್ಷ ಅದರ ಮೇಲೆ ಕೂರೋಳು ನೀನು. ಹೊಸದನ್ನ ನೀನೇ ಆರ್ಸು. ನಾನು ಬಾಯಿ ಹಾಕಲ್ಲ."

ಕೇಳಿದ್ದನ್ನು ನನಗೆ ನಂಬಲಾಗಲಿಲ್ಲ. ಈ ಯಾರ್ಡಿನಲ್ಲಿ ಪೊರಕೆ ಕೊಳ್ಳುವುದಿದ್ದರೂ ಅಪ್ಪನೇ ಆರಿಸುವುದು.

"ನಿಜವಾಗ್ಲೂ?"

"ನಿಜವಾಗ್ಲೂ. ಅತ್ತೆ ಥರದ್ದೇ ಒಂದು ನೋಡಿ ಆರ್ಸ್ಕೋ."

ಬಾಯಿ ಹಾಕುವುದಿಲ್ಲ ಎಂದವನು ಹಾಕಿದ್ದು ಇಷ್ಟು. ಜರಡಿಯ ಹತ್ತಿರ ಅಮ್ಮ ಕೆಮ್ಮಿದಳು. ಧೂಳಿನ ಕೆಮ್ಮಲ್ಲ, ಬೇರೆಯದು. ಅದೇಕೆಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ವಾರ ಲೋಡರು ಮಾರುವ ಅಂಗಡಿಯವನು ಬಂದ. ಮಾತಿಗೊಂದು ಕರಪತ್ರ ತೆಗೆಯುವವನಾದ್ದರಿಂದ ಹತ್ತು ನಿಮಿಷದಲ್ಲೇ ಅವನಿಗೆ ಕರಪತ್ರ ಎಂಬ ಹೆಸರು ಬಿತ್ತು. ಅವನು ಎರಡು ಲೋಡರು ತಂದಿದ್ದ, ಒಂದು ದಿನ ಓಡಿಸಿ ನೋಡಿ ಎಂದು. ಕಿತ್ತಳೆ ಬಣ್ಣದ್ದು ಅತ್ತೆಯಂತೆ ಬಾಗಿ ಎತ್ತುವುದು. ಬೂದು ಬಣ್ಣದ್ದರ ತೋಳಿಗೆ ಹೆಚ್ಚು ಕೀಲುಗಳು, ಅದರ ಬಕೆಟ್ಟು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅದು ವರ್ಟಿಕಲ್ ಲಿಫ್ಟ್.

"ಮೇಡಂ, ಇದು ಪೂರ್ತಿ ಎತ್ತರದಲ್ಲಿ ಮುಂದಕ್ಕೆ ಚಾಚುತ್ತೆ, ಭಾರಾನೂ ಹೆಚ್ಚು ಹೊರುತ್ತೆ. ಅದು ಅರ್ಧ ಎತ್ತರದಲ್ಲಿ ಚಾಚುತ್ತೆ. ಅಗೆಯೋದಕ್ಕೆ, ನೆಲ ಸಮ ಮಾಡೋದಕ್ಕೆ ಅದು ಒಳ್ಳೇದು, ಕೀಲು ಕಮ್ಮಿ, ಗ್ರೀಸು ಕಮ್ಮಿ," ಎಂದು ಅವನು ಒಂದೇ ಉಸಿರಿಗೆ ಒಪ್ಪಿಸಿದ.

"ನೀನು ಯಾವತ್ತಾದ್ರೂ ಇದನ್ನ ಓಡ್ಸಿದ್ದೀಯಾ?" ಎಂದೆ.

"ಇಲ್ಲ ಮೇಡಂ. ಓದಿದ್ದೀನಿ."

ಉದ್ದಣ್ಣ ಬೇಕೆಂದೇ ಲಾರಿ ಖಾಲಿ ತಂದಿದ್ದ. "ಅತ್ತೆ ಹೋದ್ಲು, ಸೊಸೆ ನೋಡೋ ಶಾಸ್ತ್ರಕ್ಕೆ ನಾನಿಲ್ದಿದ್ರೆ ಹೆಂಗೆ?" ಎಂದ. ಎಲ್ಲಿ ನಿಲ್ಲಿಸಲಿ ಎಂದು ಕೇಳಿದ, ಅಪ್ಪ ಗೆರೆಗೆ ತಾ ಎಂದ, ಲಾರಿ ಗುಂಡಿಗೆ ಇಳಿಯಿತು. ಎರಡು ಬಕೆಟ್ಟು ಜಲ್ಲಿ ಬಾಗಿ ಎತ್ತುವುದರಿಂದ, ಎರಡು ನೆಟ್ಟಗೆ ಎತ್ತುವುದರಿಂದ ಹಾಕಿ, ಹೇಗೆ ಬೀಳುತ್ತದೋ ನೋಡೋಣ ಎಂದು ತೀರ್ಮಾನವಾಯಿತು.

ಕಿತ್ತಳೆಯ ಮೇಲೆ ಕೂತೆ. ಅತ್ತೆಗೆ ಇಪ್ಪತ್ತು ವರ್ಷ ಇಳಿಸಿದಂತಿತ್ತು. ರಾಶಿಗೆ ನುಗ್ಗಿಸಿದೆ, ತಿರುಗಿಸಿದೆ, ದಿಮ್ಮಿಗೆ ಚಕ್ರ ತಾಗಿಸಿ ತೋಳೆತ್ತಿದೆ. ಬಕೆಟ್ಟು ಚಾಚಿಕೊಂಡು ಲಾರಿಯ ನಡುಮಧ್ಯಕ್ಕೆ ಹೋಯಿತು, ಜಲ್ಲಿ ಒಂದು ಕಲ್ಲೂ ಆಚೀಚೆ ಆಗದೆ ಬಿತ್ತು. ಅಪ್ಪ ಕುರ್ಚಿಯ ತೋಳಿಗೆ ಬಡಿದು "ಭೇಷ್!" ಎಂದ.

ಬೂದುಬಣ್ಣದ್ದರ ಮೇಲೆ ಕೂತೆ. ಸೀಟು ಚೆನ್ನಾಗಿತ್ತು, ಲಿವರು ಬೆಣ್ಣೆಯಂತಿತ್ತು. ದಿಮ್ಮಿಗೆ ತಾಗಿಸಿ ಎತ್ತಿ ಸುರಿದರೆ ಅರ್ಧ ಜಲ್ಲಿ ಹಲಗೆಯ ಆಚೆ, ಇನ್ನರ್ಧ ಈಚೆ. ಲಾರಿಗೂ ಕಟ್ಟೆಗೂ ನಡುವೆ ದಡಬಡ ಎಂದು ಸುರಿಯಿತು. ನಾನು ಬಿಡುತ್ತೇನೆಯೇ? ಹಟಕ್ಕೆ ಬಿದ್ದು ಎರಡನೇ ಬಕೆಟ್ಟನ್ನು ಪೂರ್ತಿ ಮೇಲಕ್ಕೆತ್ತಿದೆ. ಅಲ್ಲಿ ಅದು ಚೆನ್ನಾಗಿಯೇ ಚಾಚಿತು. ಆದರೆ ಲಾರಿ ಕೆಳಗೆ ಗುಂಡಿಯಲ್ಲಿ, ಬಕೆಟ್ಟು ಆಕಾಶದಲ್ಲಿ. ಸುರಿದ ಜಲ್ಲಿ ಲಾರಿಯ ತಳಕ್ಕೆ ಬಡಿದು ಪುಟಿದು ನಾಲ್ಕು ದಿಕ್ಕಿಗೂ ಹಾರಿತು. ಉದ್ದಣ್ಣ ತಲೆ ಮುಚ್ಚಿಕೊಂಡು ಓಡಿದ. ಅಷ್ಟು ಉದ್ದದ ಮನುಷ್ಯ ಅಷ್ಟು ಕುಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಂಥ ಸೊಸೆ ನಂಗೆ ಬೇಡ!" ಎಂದು ಅವನು ಅಂಕಣದ ಗೋಡೆಯ ಹಿಂದಿನಿಂದ ಕೂಗಿದ.

ಕರಪತ್ರ ತನ್ನ ಹಾಳೆಗಳನ್ನು ತಿರುವಿದ. "ಇದ್ರಲ್ಲಿ ಹೀಗಿಲ್ಲ ಮೇಡಂ," ಎಂದ, ಪಾಪ, ಮುಖ ಸಪ್ಪಗಾಗಿತ್ತು.

ಅಪ್ಪನ ಮುಖ ಮಾತ್ರ ಅರಳಿತ್ತು. "ನಾನು ಬಾಯಿ ಹಾಕಲ್ಲ ಅಂದಿದ್ದೆ. ಹಾಕಲೂ ಇಲ್ಲ. ಯಂತ್ರಗಳೇ ಹೇಳಿದ್ವು." ನನಗೂ ಖುಷಿಯಾಯಿತು. ಆರಿಸುವ ಹೊಣೆ ಎಷ್ಟು ಹಗುರವಾಗಿ ಇಳಿಯಿತಲ್ಲ ಎಂದು. ಕಿತ್ತಳೆ ಬಣ್ಣವನ್ನೇ ತೆಗೆದುಕೊಳ್ಳುತ್ತೇವೆ ಎಂದು ಹೇಳಿಯೂಬಿಟ್ಟೆ. ಕರಪತ್ರ ಕಾಗದ ತರಲು ತನ್ನ ವ್ಯಾನಿಗೆ ಹೋದ. ಉದ್ದಣ್ಣ ಸಲಿಕೆ ಹಿಡಿದು ಸಂದಿಗೆ ಬಿದ್ದ ಜಲ್ಲಿಯನ್ನು ಬಗೆಯತೊಡಗಿದ.

ಆಗ ಗೇಟಿನಲ್ಲಿ ಹೊಸ ಲಾರಿಯೊಂದು ಬಂತು. ಎತ್ತರದ ಜಾಲರಿ ಕಟ್ಟಿದ ಲಾರಿ, ಓಡಿಸುತ್ತಿದ್ದವಳು ನನ್ನ ವಯಸ್ಸಿನವಳೇ. ನಮ್ಮಲ್ಲಿಗೆ ಮೊದಲ ಸಲ ಬಂದವಳು. ಎಲ್ಲಿ ನಿಲ್ಲಿಸಲಿ ಎಂದು ಕೇಳಬೇಕೆಂದು ಅವಳಿಗೆ ಏನು ಗೊತ್ತು? ಸೀದಾ ಬಂದು ಮರದ ಚಕ್ಕೆಯ ಅಂಕಣದ ಎದುರು ಸಮನೆಲದಲ್ಲಿ ನಿಲ್ಲಿಸಿ, "ಅಕ್ಕಾ, ಚಕ್ಕೆ ಪೂರ್ತಿ ಲೋಡು," ಎಂದಳು.

"ಅಲ್ಲಲ್ಲ, ಗೆರೆಗೆ, ಗೆರೆಗೆ!" ಎಂದು ಅಪ್ಪ ಎದ್ದು ನಿಂತ. ಆದರೆ ಗುಂಡಿಯಲ್ಲಿ ಉದ್ದಣ್ಣನ ಲಾರಿ ಇತ್ತು. ನಾನು ಇನ್ನೂ ಬೂದು ಲೋಡರಿನ ಮೇಲೇ ಕೂತಿದ್ದೆ. ಮೊದಲ ಸಲ ಬಂದ ಗಿರಾಕಿಯನ್ನು ಕಾಯಿಸುವುದು ಬೇಡ, ಲಾರಿಗೆ ಮೂಗು ತಾಗಿಸಿ ಹೇಗೋ ತುಂಬಿದರಾಯಿತು ಎಂದುಕೊಂಡು ಚಕ್ಕೆಗೆ ಬಕೆಟ್ಟು ಹಾಕಿದೆ.

ತಾಗಿಸುವ ಪ್ರಮೇಯವೇ ಬರಲಿಲ್ಲ. ಲಾರಿಯಿಂದ ಒಂದು ಮೊಳ ದೂರದಲ್ಲಿ ನಿಂತು ಪೂರ್ತಿ ಎತ್ತಿದೆ. ಬಕೆಟ್ಟು ನೆಟ್ಟಗೆ ಏರಿತು, ಜಾಲರಿಯ ತುದಿಯನ್ನು ದಾಟಿ ಚಾಚಿಕೊಂಡಿತು, ಚಕ್ಕೆಯನ್ನು ಲಾರಿಯ ಮಧ್ಯಕ್ಕೆ ಮಗು ಮಲಗಿಸಿದ ಹಾಗೆ ಇಳಿಸಿತು. ಇನ್ನೊಂದು ಹಾಕಿದೆ. ಮತ್ತೊಂದು. ಒಂದೇ ಒಂದು ಚಕ್ಕೆ ನೆಲಕ್ಕೆ ಬೀಳಲಿಲ್ಲ. ನನಗೆ ನಗು ಉಕ್ಕಿ ಬರುತ್ತಿತ್ತು, ಜೊತೆಗೇ ಕಣ್ಣು ಕಿತ್ತಳೆ ಲೋಡರಿನ ಕಡೆ ಹೋಯಿತು.

ಅರ್ಧ ತುಂಬಿಸಿ ಇಳಿದೆ. ಯಾರಿಗೂ ಏನೂ ಹೇಳದೆ ಕಿತ್ತಳೆಯದನ್ನು ಹತ್ತಿದೆ. ಅದೇ ಚಕ್ಕೆ, ಅದೇ ಲಾರಿ. ತೋಳು ಬಾಗಿ ಏರಿ ಅರ್ಧ ಎತ್ತರದಲ್ಲಿ ಚಾಚಿಕೊಂಡಿತು, ಅಲ್ಲಿ ಎದುರಿಗೆ ಜಾಲರಿ. ಇನ್ನೂ ಎತ್ತಿದರೆ ಬಕೆಟ್ಟು ನನ್ನ ಕಡೆಗೆ ಹಿಂದೆ ಬಂತು. ಮುಂದಕ್ಕೆ ಹೋಗಿ ಹೋಗಿ ಚಕ್ರ ಲಾರಿಗೆ ಧಡ್ ಎಂದು ಗುದ್ದಿದರೂ ಚಕ್ಕೆ ಬಿದ್ದದ್ದು ಈಚೆ ಅಂಚಿಗೆ.

"ಅಯ್ಯೋ ಅಕ್ಕಾ, ಆ ಬೂದುಬಣ್ಣದ್ದರಲ್ಲೇ ಹಾಕಿ!" ಎಂದಳು ಲಾರಿಯವಳು. "ಎಲ್ಲಾ ಕಡೆ ಹೀಗೇ ಗುದ್ದಿ ಗುದ್ದಿ ತುಂಬ್ತಾರೆ. ಅದರಲ್ಲಿ ಎಷ್ಟು ಚೆನ್ನಾಗಿ ಹಾಕ್ತಿದ್ರಿ." ಆಮೇಲೆ ಗುಂಡಿಯ ಕಡೆ ನೋಡಿ, ಮುಗ್ಧಳಾಗಿ, "ಅದೇನು, ಈಜುಕೊಳ ಮಾಡ್ತಿದ್ದೀರಾ?" ಎಂದಳು.

ಉದ್ದಣ್ಣನ ಸಲಿಕೆ ನಿಂತಿತು. ಅಮ್ಮನ ಜರಡಿಯೂ ನಿಂತಿತು.

ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಬೆಳಗಿನಿಂದ ನಾವು ಎರಡು ಲೋಡರುಗಳನ್ನು ಪರೀಕ್ಷೆ ಮಾಡಿರಲೇ ಇಲ್ಲ. ಗುಂಡಿ ತನಗೆ ಬೇಕಾದ್ದನ್ನು ಆರಿಸಿಕೊಂಡಿತ್ತು. ಬಾಗಿ ಎತ್ತುವ ಯಂತ್ರಕ್ಕೆ ಎಲ್ಲಿ ಕೈ ಚಾಚಲು ಬರುತ್ತದೋ ಅಲ್ಲಿಗೆ ನಾವು ಲಾರಿಯನ್ನು ಇಳಿಸಿದ್ದೆವು. ನಮ್ಮ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಲಾರಿ ತುಂಬುವುದೇ. ನಮಗೆ ಬೇಕಾದದ್ದು ಬೂದು ಲೋಡರು. ಅದು ಬಂದರೆ ಈ ಗುಂಡಿ ದಂಡ. ಈ ಮಾತನ್ನು ಅಪ್ಪನಿಗೆ ಹೇಳಬೇಕಾದವಳು ನಾನು.

ಲೋಡರಿನಿಂದ ಇಳಿದು ಅಪ್ಪನ ಕಡೆ ಹೊರಟೆ. ಜಗಳಕ್ಕೆ ನನಗೆ ಹೆದರಿಕೆಯಿಲ್ಲ. ಅಪ್ಪನ ಮುಖ ಬಾಡುವುದನ್ನು ನೋಡಲು ಹೆದರಿಕೆ. ಎಪ್ಪತ್ತಾರು ವರ್ಷದ ಮನುಷ್ಯ, ತನ್ನ ಕೈಯಾರೆ ತೋಡಿದ್ದು, ಜನರಿಗೆ ತೋರಿಸಲೆಂದು ಅವನ ಬಳಿ ಇದ್ದದ್ದು ಅದೊಂದೇ. ಸುಮ್ಮನೆ ಕಿತ್ತಳೆಯ ಕಾಗದಕ್ಕೆ ಸಹಿ ಹಾಕಿದರೆ ಎಲ್ಲರೂ ಚೆನ್ನಾಗಿರುತ್ತಾರೆ. ನಾನೊಬ್ಬಳು ಇಪ್ಪತ್ತು ವರ್ಷ ಪಂಪು ಓಡಿಸಿಕೊಂಡಿರಬೇಕು, ಅಷ್ಟೇ. ಆದರೆ ಆರಿಸು ಎಂದು ನನಗೆ ಹೇಳಿದ್ದಾನಲ್ಲ. ಅಪ್ಪನನ್ನು ಮೆಚ್ಚಿಸಲು ಆರಿಸಿದರೆ ನಾನು ಆರಿಸಿದಂತಾಯಿತೇ?

ಅವನ ಕುರ್ಚಿಯ ಎದುರು ನಿಂತೆ. ನಯವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿ ತೆಗೆದರೆ ಬಂದದ್ದು ನನ್ನ ಮಾಮೂಲಿ ದನಿ.

"ಅಪ್ಪಾ, ನಂಗೆ ಬೂದುಬಣ್ಣದ್ದೇ ಬೇಕು. ಗುಂಡಿ ಮುಚ್ಬೇಕು."

ಬೀದಿಯ ಆ ತುದಿಗೂ ಕೇಳಿಸಿರಬೇಕು. ಕರಪತ್ರ ಕಾಗದ ಹಿಡಿದುಕೊಂಡು ವ್ಯಾನಿನ ಬಾಗಿಲಲ್ಲೇ ನಿಂತುಬಿಟ್ಟ. ಅಪ್ಪ ನನ್ನನ್ನು ನೋಡಲಿಲ್ಲ, ಗುಂಡಿಯನ್ನೂ ನೋಡಲಿಲ್ಲ. ಜರಡಿಯ ಕಡೆ ನೋಡಿದ.

ಅಮ್ಮ ಕೈಯ ಮಣ್ಣು ಕೊಡವಿಕೊಂಡು ಬಂದಳು. "ಹೇಳ್ರೀ, ಈಗಲಾದ್ರೂ," ಎಂದಳು.

"ಏನು ಹೇಳೋದು?"

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಅಪ್ಪ ತಲೆ ಕೆರೆದುಕೊಂಡ. ಗಂಟಲು ಸರಿಮಾಡಿಕೊಂಡ. ಶಾಲೆಯಲ್ಲಿ ಕಿಟಕಿಯ ಗಾಜು ಒಡೆದವನ ಹಾಗೆ ನೆಲ ನೋಡಿಕೊಂಡು ಶುರುಮಾಡಿದ.

"ಆಗಲೂ ಎರಡು ತಂದು ತೋರ್ಸಿದ್ರು. ನಿಮ್ಮಮ್ಮ ನೆಟ್ಟಗೆ ಎತ್ತೋದು ತಗೊಳ್ಳಿ ಅಂದ್ಲು. ಅದುವರೆಗೂ ನಾವಿಬ್ರೂ ಸಲಿಕೇಲೇ ಲಾರಿ ತುಂಬ್ತಿದ್ದದ್ದು, ಎಲ್ಲಿ ಬಿದ್ರೆ ಸರಿ ಅಂತ ಅವಳ ಕೈಗೆ ಗೊತ್ತಿತ್ತು. ನಾನು, ನಿಂಗೇನು ಗೊತ್ತು ಅಂದು ಬಾಗಿ ಎತ್ತೋದು ತಂದೆ. ಮೊದಲ್ನೇ ದಿನವೇ ಎರಡು ಲಾರಿಗೆ ಗುದ್ದಿದೆ. ಮೂರನೇ ದಿನ ಒಂದರ ಹಲಗೆ ಮುರೀತು."

"ಆಮೇಲೆ?"

"ಆಮೇಲೆ ಇನ್ನೇನು? ತಪ್ಪಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ. ಗುಂಡಿ ತೋಡ್ದೆ."

"ಹನ್ನೊಂದು ದಿನ!" ಎಂದಳು ಅಮ್ಮ. "ಒಂದು ಮಾತು ಹೇಳೋದು ತಪ್ಪಿಸ್ಕೊಳ್ಳೋಕೆ ಹನ್ನೊಂದು ದಿನ ಗುದ್ದಲಿ ಹಿಡಿದ ಮನುಷ್ಯನನ್ನ ನೀನೆಲ್ಲಾದ್ರೂ ನೋಡಿದ್ದೀಯಾ? ನಾನೇ ಊಟ ಬಡಿಸ್ದೆ. ಕಲ್ಲನ್ನೂ ನಾನೇ ಎತ್ತಿಕೊಟ್ಟೆ."

"ನಿಂಗೆ ಗೊತ್ತಿತ್ತಾ ಅಮ್ಮಾ? ಇಷ್ಟು ವರ್ಷ?"

"ಗೊತ್ತಿಲ್ದೇ ಏನು. ಬಂದೋರಿಗೆಲ್ಲ ತೋರಿಸಿ ಎಷ್ಟು ಖುಷಿಪಡ್ತಿದ್ರು. ಹಾಳು ಮಾಡೋದು ಯಾಕೆ ಅಂತ ಸುಮ್ನಿದ್ದೆ. ಅಲ್ಲಿ ಯಾರೋ ಪಾಪ ಬಾತುಕೋಳಿ ಸಾಕೋ ಹಾಗಾಯ್ತು, ಅದೊಂದೇ ಬೇಜಾರು."

ಮೊದಲು ನಕ್ಕವನು ಉದ್ದಣ್ಣ. ಗುಂಡಿಯೊಳಗೆ ಸಲಿಕೆ ಬಿಟ್ಟು ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಲಾರಿಯವಳು ನಕ್ಕಳು. ಕರಪತ್ರ ನಗಬಹುದೋ ಬಾರದೋ ತಿಳಿಯದೆ ಕಾಗದದಿಂದ ಬಾಯಿ ಮುಚ್ಚಿಕೊಂಡ. ಕೊನೆಗೆ ಅಪ್ಪನೇ ನಕ್ಕ. ಅವನ ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನಾನು ಅದನ್ನು ಧೂಳು ಎಂದು ಒರೆಸಿಕೊಂಡೆ.

"ನಾನು ಯಾವತ್ತು ಈ ಮಾತು ಹೇಳ್ತೀನೋ ಅಂತ ಇಪ್ಪತ್ತೆರಡು ವರ್ಷ ಕಾದ್ಲು ನಿಮ್ಮಮ್ಮ," ಎಂದ ಅಪ್ಪ. "ನೀನು ಒಂದೇ ದಿನದಲ್ಲಿ ಹೇಳಿಸ್ದೆ." ಆಮೇಲೆ ಅಮ್ಮನ ಕಡೆ ತಿರುಗಿ, ಯಾರಿಗೂ ಕೇಳಿಸದಂತೆ ಏನೋ ಅಂದ. ಏನೆಂದನೋ ಗೊತ್ತಿಲ್ಲ. ಅಮ್ಮ, "ಸಾಕು ಬಿಡ್ರೀ, ಎಲ್ರೂ ನೋಡ್ತಿದ್ದಾರೆ," ಎಂದು ಜರಡಿಯ ಕಡೆ ಹೋಗಿಬಿಟ್ಟಳು. ಅವಳ ಕಿವಿ ಕೆಂಪಾಗಿತ್ತು.

ಬೂದು ಲೋಡರಿಗೆ ನಾನು ಸಹಿ ಹಾಕಿದೆ. ಎಂಟು ದಿನ ಕಳೆದು ನಮ್ಮದೇ ಆಗಿ ಅದು ಗೇಟಿನೊಳಗೆ ಬಂದ ಬೆಳಿಗ್ಗೆ, ಅಪ್ಪ ಹಳೆಯ ಬೂಟು ಹಾಕಿಕೊಂಡು ಕಾಯುತ್ತಿದ್ದ.

"ಮೊದಲ ಬಕೆಟ್ಟು ನಾನು ಹಾಕ್ತೀನಿ," ಎಂದ. "ತೋಡಿದೋನು ನಾನು."

ಸೀಟು ಬಿಟ್ಟುಕೊಟ್ಟೆ. ಬೆಲ್ಟು ಹಾಕಿಕೊಟ್ಟೆ, ಸುರಕ್ಷೆಯ ಸರಳನ್ನು ಇಳಿಸಿದೆ. ಮೂರನೇ ಅಂಕಣದಿಂದ ಒರಟು ಜಲ್ಲಿ ತುಂಬಿಕೊಂಡು ಅಂಚಿಗೆ ಬಂದವನು ಅಲ್ಲೇ ತುಸು ಹೊತ್ತು ನಿಂತ. ದಿಮ್ಮಿಯನ್ನು ನಾವು ಆಗಲೇ ತೆಗೆದಿದ್ದೆವು. ಕೆಳಗೆ ಬಿಳಿ ಗೆರೆ ಕಾಣುತ್ತಿತ್ತು.  ಆಮೇಲೆ ತಿರುಗಿ ನನ್ನನ್ನು ನೋಡಿ, "ಲಿವರು ನಿಜಕ್ಕೂ ಬೆಣ್ಣೆ ಕಣೇ!" ಎಂದು ಸುರಿದೇಬಿಟ್ಟ. ಗೆರೆ ಮುಚ್ಚಿತು. ಒಂದೇ ಬಕೆಟ್ಟು ಎಂದವನು ಏಳಲೇ ಇಲ್ಲ, ಇಪ್ಪತ್ತು ಹಾಕಿದ. ಉಳಿದ ಮೂವತ್ತೆಂಟು ನಾನು ಹಾಕಿದೆ. ಹನ್ನೊಂದು ದಿನದ ಗುಂಡಿ ಊಟದ ಹೊತ್ತಿಗೆ ನೆಲವಾಗಿತ್ತು. ಅಮ್ಮ ಅದರ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿದಳು, ಕಾಲಲ್ಲಿ ಎರಡು ಸಲ ಒತ್ತಿ ನೋಡಿದಳು.

ಮಧ್ಯಾಹ್ನ ಉದ್ದಣ್ಣ ಬಂದ. ಗೇಟಿನಲ್ಲಿ ಲಾರಿ ನಿಲ್ಲಿಸಿ, ಅಭ್ಯಾಸಬಲದಿಂದ ಕತ್ತು ಹೊರಗೆ ಹಾಕಿದ.

"ಯಜಮಾನ್ರೇ, ಎಲ್ಲಿ ನಿಲ್ಲಿಸ್ಲಿ?"

ಅಪ್ಪ ಬಾಯಿ ತೆರೆದ. ಇಪ್ಪತ್ತೆರಡು ವರ್ಷದ ಮಾತು ನಾಲಗೆಯವರೆಗೆ ಬಂದದ್ದನ್ನು ನಾನು ನೋಡಿದೆ. ಅವನು ಬಾಯಿ ಮುಚ್ಚಿ, ಚಹಾದ ಲೋಟ ಕೈಗೆತ್ತಿಕೊಂಡು, ಕುರ್ಚಿಗೆ ಒರಗಿ ಗದ್ದದಿಂದ ನನ್ನ ಕಡೆ ತೋರಿಸಿದ.

"ನನ್ನನ್ನೇನು ಕೇಳ್ತೀಯೋ? ಅಲ್ಲಿದ್ದಾಳಲ್ಲ ಯಜಮಾನಿ, ಅವಳನ್ನ ಕೇಳು."

ಉದ್ದಣ್ಣ ನನ್ನ ಕಡೆ ತಿರುಗಿದ. ಅಮ್ಮನೂ ಜರಡಿ ನಿಲ್ಲಿಸಿ ತಿರುಗಿದಳು. ನಾನು ಯಾರ್ಡನ್ನು ಒಮ್ಮೆ ನೋಡಿದೆ. ಗೇಟಿನಿಂದ ಹಿಂದಿನ ಗೋಡೆಯವರೆಗೂ ನೆಲ ಒಂದೇ ಸಮನೆ ಹರಡಿಕೊಂಡಿತ್ತು.

"ಎಲ್ಲಾದ್ರೂ ನಿಲ್ಸೋ ಉದ್ದಣ್ಣಾ!" ಎಂದೆ. ಬೀದಿಯ ಆ ತುದಿಗೂ ಕೇಳಿಸಿತು.